ದೋಣಿಗಿತ್ತಿಯರ ದಂಡು

ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಯಡೂರಿನ ಬಸ್ಸಿಗೆ ಕಾದಿದ್ದ ಕಮಲಾಬಾಯಿಯ ಪಕ್ಕದಲ್ಲೇ ಇಬ್ಬರು ಗೆಳತಿಯರು ಜಗಳಕ್ಕೆ ನಿಂತಿದ್ದರು. ಮೇಘಾ ಎಂಬವಳ ಕೈಯಲ್ಲಿ ಆಗಷ್ಟೇ ಅಚ್ಚಾಗಿ ಬಂದ ಪುಸ್ತಕವಿತ್ತು. ದಾಳ ಉರುಳಿಸಿ ಕತೆ ಕಟ್ಟುತ್ತ ಆಡುವ ಆಟವೊಂದಕ್ಕೆ ಹೊಸ ಯೋಧರ ಕುಲವೊಂದನ್ನು ಸೇರಿಸುವ ಪುರವಣಿಯಂತೆ ಅದು. ಅವಳೇ ಬರೆದದ್ದು. ಮುಖಪುಟದ ಮೇಲೆ ಕತ್ತಿ ಹಿಡಿದು ನಿಂತ ದೋಣಿಗಿತ್ತಿಯ ಚಿತ್ರ.

“ಈ ಮಾರಿ ಮನಿಷಾಂದು,” ಎಂದಳು ಇನ್ನೊಬ್ಬಳು, ದೀಪಾಲಿ, ಚಿತ್ರದ ಮುಖಕ್ಕೆ ಬೆರಳಿಟ್ಟು.

“ಚಿತ್ರ ತಗಿಯಾಂವಗ ಅಕಿ ಫೋಟೋ ಕೊಟ್ಟಿದ್ನಿ.”

“ನಾಲ್ಕ್ ವರ್ಷ ಆಟದಾಗ ಈ ದೋಣಿಗಿತ್ತಿಯರ ನಾಯಕಿಯಾಗಿ ಆಡಿದಾಕಿ ನಾನು. ಹೊಳಿ ದಾಟಿ ಬಂದ ವೈರಿಗೂ ಮೊದಲ ನೀರ ಕೊಡಬೇಕು, ಆಮ್ಯಾಲ ಕತ್ತಿ ಹಿರೀಬೇಕು ಅಂತ ನೇಮ ಹಾಕಿದಾಕಿ ನಾನು.”

“ಅದನ್ನ ನಿನ್ನ ಹೆಸರ ಹಾಕೇ ಬರದೇನಿ. ಒಳಗ ನೋಡ.”

“ಒಳಗ ಯಾರ್ ನೋಡ್ತಾರ? ಮಾರಿ ಹೊರಗ ಐತಿ.”

“ನೀ ಎಂಟ್ ತಿಂಗಳ ಆಟಕ್ಕ ಬರಲಿಲ್ಲಲ್ಲ ದೀಪಾ. ಮನಿಷಾ ಬರ್ತಿದ್ಲು.”

“ಅಕಿ ಬಂದ್ಲಂತನ ನಾ ಬರೂದ ಬಿಟ್ನಿ!”

ಓರಗಿತ್ತಿಯೊಡನೆ ಇಂಥದ್ದೇ ಹೊಟ್ಟೆಕಿಚ್ಚಿಗೆ ಹನ್ನೆರಡು ವರ್ಷ ಮಾತು ಬಿಟ್ಟಿದ್ದ ಕಮಲಾಬಾಯಿ ಮುಖ ಆ ಕಡೆ ತಿರುಗಿಸಿಕೊಂಡಳು.

ಅಷ್ಟರಲ್ಲಿ ನಿಪ್ಪಾಣಿ ಬಸ್ಸು ಬಂತು. ದೀಪಾಲಿ ಪುಸ್ತಕ ಕಸಿದುಕೊಂಡು ಮೊದಲು ಹತ್ತಿದವಳೇ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟಳು. ಮೇಘಾ ಹಿಂದಿನ ಸೀಟಿನಲ್ಲಿ ಕುಳಿತಳು. ಬಸ್ಸು ತಿರುಗುವಾಗ ಕಮಲಾಬಾಯಿಗೆ ಕಿಟಕಿಯೊಳಗೆ ದೀಪಾಲಿ ಕಂಡಳು. ಮನಿಷಾಳ ಮುಖವನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು, ಅವಳು ಆ ಚಿತ್ರವನ್ನೇ ನೋಡುತ್ತ ಕುಳಿತಿದ್ದಳು.