ಒಂದು ಪೊರೆಗೆ ಒಂಬತ್ತು ಪೀರಿಯಡ್

ಮಾನ್ಯ ಅಧ್ಯಕ್ಷರಾದ ಚನ್ನಬಸಯ್ಯನವರೇ, ವೇದಿಕೆಯ ಮೇಲಿರುವ ಹಿರಿಯರೇ, ಮೂವತ್ತೆರಡು ವರ್ಷ ನನ್ನ ಸಿಡುಕನ್ನು ಸಹಿಸಿಕೊಂಡ ಸಹೋದ್ಯೋಗಿಗಳೇ, ಭಾನುವಾರವೂ ಲೋಕಲ್ ಹತ್ತಿ ಜೋಗೇಶ್ವರಿಗೆ ಬಂದಿಳಿದ ಹಳೆಯ ವಿದ್ಯಾರ್ಥಿಗಳೇ, ಕೇಕ್ ಯಾವಾಗ ಕೊಡುತ್ತಾರೆ ಎಂದು ಕಾಯುತ್ತಿರುವ ಹಿಂದಿನ ಸಾಲಿನ ಮಕ್ಕಳೇ, ಹಾಗೂ ಸಭಿಕರೇ,

ಈಗ ನಿರೂಪಣೆ ಮಾಡಿದ ಹುಡುಗಿ ಹತ್ತನೆಯ ತರಗತಿಯ ಶಬ್ರೀನ. 'ಶಾಮಲಾ ಟೀಚರನ್ನು ಇಂದು ಬೀಳ್ಕೊಡುತ್ತೇವೆ' ಎನ್ನುವ ಬದಲು 'ಇಂದು ಬೀಳಿಸುತ್ತೇವೆ' ಎಂದಳು. ನಕ್ಕಿರಿ, ನಗಿ. ಮನೆಯಲ್ಲಿ ದಖನಿ, ಗಲ್ಲಿಯಲ್ಲಿ ಹಿಂದಿ, ಅಂಗಡಿಯಲ್ಲಿ ಮರಾಠಿ, ಶಾಲೆಯಲ್ಲಿ ಮಾತ್ರ ಕನ್ನಡ. ಇಷ್ಟರ ನಡುವೆ ಒಬ್ಬ ಟೀಚರು ಬಿದ್ದರೆ ತಪ್ಪೇನು? ಬೀಳಿಸುವ ಮೊದಲು ಮೈಕಿನ ಪಕ್ಕ ಒಂದು ಲೋಟ ನೀರನ್ನೂ ಇಟ್ಟು ಹೋಗಿದ್ದಾಳೆ. ನನ್ನ ಭಾಷಣ ಉದ್ದವಾಗುತ್ತದೆ ಎಂದು ಅವಳಿಗೆ ಗೊತ್ತು.

ನಾಳೆಯಿಂದ ನನ್ನ ಜಾಗದಲ್ಲಿ ವಿಜ್ಞಾನ ಹೇಳಿಕೊಡುವವರು ಪ್ರಣೀತಾ. ಬುದ್ಧಿವಂತೆ, ಚುರುಕು. ಕಳೆದ ವಾರ ನನ್ನ ಪಾಠದ ಟಿಪ್ಪಣಿ ನೋಡಿ ಕೇಳಿದರು: "ಮೇಡಮ್, ಒಂದು ಪೊರೆಗೆ ಒಂಬತ್ತು ಪೀರಿಯಡ್ಡಾ? ಸಿಲಬಸ್‌ನಲ್ಲಿ ಎರಡೇ ಇದೆಯಲ್ಲ?" ನಾನು ಉತ್ತರ ಕೊಡದೆ ಊಟದ ಡಬ್ಬಿ ಮುಚ್ಚಿದೆ. ಅದು ಒರಟುತನ. ಪ್ರಣೀತಾ, ಇವತ್ತು ಎಲ್ಲರೆದುರು ಉತ್ತರ ಕೊಡುತ್ತೇನೆ.

ಜೀವಕೋಶದ ಸುತ್ತ ಒಂದು ಪೊರೆ ಇದೆ. ಎರಡು ಪದರ ಕೊಬ್ಬು, ನಡುನಡುವೆ ಪ್ರೋಟೀನಿನ ಬಾಗಿಲುಗಳು. ಇದನ್ನು ಕಲಿಸಲು ನನಗೆ ಚಾರ್ಟು ಬೇಕಾಗಲಿಲ್ಲ. ಮೂವತ್ತೆರಡು ವರ್ಷ ಬೊರಿವಲಿಯಲ್ಲಿ ಲೋಕಲ್ ರೈಲಿನ ಲೇಡೀಸ್ ಡಬ್ಬಿ ಹತ್ತಿದ್ದೇನೆ! ಆಮ್ಲಜನಕ ಅಂದರೆ ಸಣಕಲು ಕಾಲೇಜು ಹುಡುಗಿ, ಯಾರನ್ನೂ ಕೇಳದೆ ಸಂದಿಯಲ್ಲಿ ನುಸುಳಿ ಒಳಗೆ ಹೋಗುತ್ತಾಳೆ. ಸಕ್ಕರೆ ಅಂದರೆ ನನ್ನಂಥವಳು. ಯಾರಾದರೂ ಕೈಕೊಟ್ಟು ಒಳಗೆ ಎಳೆದುಕೊಳ್ಳಬೇಕು. ಇನ್ನು ಜೋಗೇಶ್ವರಿಯಲ್ಲಿ ನೂರು ಜನ ಹತ್ತುವಾಗ ನೀವೊಬ್ಬರೇ ಇಳಿಯಬೇಕೆಂದರೆ? ಬೆಳಗಿನ ತಿಂಡಿಯ ಶಕ್ತಿಯೆಲ್ಲ ಅಲ್ಲೇ ಖರ್ಚು. ಅದಕ್ಕೇ ಪುಸ್ತಕ ಸಕ್ರಿಯ ಸಾಗಣೆ ಎನ್ನುತ್ತದೆ. ಈ ಉದಾಹರಣೆ ಬರೆದವರಿಗೆಲ್ಲ ನಾನು ಅಂಕ ಕೊಟ್ಟಿದ್ದೇನೆ. ಬೋರ್ಡಿನವರು ಕೊಟ್ಟರೋ ಇಲ್ಲವೋ ಗೊತ್ತಿಲ್ಲ.

ಹದಿನಾಲ್ಕು ವರ್ಷದ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಗುಲಾಫಶಾ ಎಂಬ ಹುಡುಗಿ ಇದ್ದಳು. ವಿಜಯಪುರದ ಕಡೆಯವರು. ತಂದೆ ಅಲ್ಲಾಬಕ್ಷ ಅವರು ಬೈಕುಲ್ಲಾ ಮಾರ್ಕೆಟ್ಟಿನಲ್ಲಿ ಗಾಡಿ ತುಂಬಿಸುವ ಕೆಲಸದಲ್ಲಿದ್ದರು, ತಾಯಿ ಗುಲಶನ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದರು. ನಾನು 'ಪೊರೆ' ಎಂದು ಬೋರ್ಡಿನ ಮೇಲೆ ಬರೆದದ್ದೇ ತಡ, ಇವಳ ಕೈ ಮೇಲೆ. "ಟೀಚರ್, ನಮ್ಮ ದಾದಿ ಕಣ್ಣಾಗ ಪೊರಿ ಬಂದಿತ್ತ, ಡಾಕ್ಟರ್ ತಗದ್ರು. ಈ ಕೋಶದ್ದು ಯಾಕ ತಗ್ಯಂಗಿಲ್ರಿ?"

ದಾದಿ ಅಂದರೆ ಅವಳ ಅಜ್ಜಿ. ಇಡೀ ತರಗತಿ ನಕ್ಕಿತು. ನಾನು ಬೈದೆ, ಅವಳನ್ನು, ನಕ್ಕವರನ್ನಲ್ಲ. ಆಮೇಲೆ ಬೊರಿವಲಿ ತಲುಪುವವರೆಗೂ ಆ ಪ್ರಶ್ನೆ ತಲೆಯಲ್ಲಿ ಕೊರೆಯಿತು. ಕೇಳಿದ್ದರಲ್ಲಿ ತಪ್ಪೇನಿತ್ತು? ಮರುದಿನ ಹೇಳಿದೆ: ಕಣ್ಣಿನ ಪೊರೆ ತೆಗೆದರೆ ಬೆಳಕು, ಕೋಶದ ಪೊರೆ ತೆಗೆದರೆ ಸಾವು. ಹಳೆಯ ಕನ್ನಡದಲ್ಲಿ ಪೊರೆ ಎಂದರೆ ಸಾಕು, ಸಲಹು, ಕಾಪಾಡು. ದೇವರು ಪೊರೆಯಲಿ ಎನ್ನುತ್ತೇವಲ್ಲ, ಅದೇ ಮಾತು. ಗುಲಾಫಶಾ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು: 'ಪೊರೆ = ಸಂಭಾಲನಾ.' ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ನನಗೆ ಇವತ್ತಿಗೂ ಸಿಕ್ಕಿಲ್ಲ.

ಒಂಬತ್ತನೆಯ ಪೀರಿಯಡ್ಡಿನಲ್ಲಿ ನಾನು ಯಾವಾಗಲೂ ಕರುಳಿಗೆ ಬರುತ್ತೇನೆ. ಭೇದಿಯಾದಾಗ ಬರೀ ನೀರು ಕುಡಿಸಿದರೆ ಸಾಲದು. ಆದರೆ ಕರುಳಿನ ಕೋಶಗಳ ಪೊರೆಯಲ್ಲಿ ಒಂದು ವಿಶೇಷ ಬಾಗಿಲಿದೆ. ಉಪ್ಪು ಒಂದೇ ಬಂದರೆ ತೆರೆಯದು, ಸಕ್ಕರೆ ಒಂದೇ ಬಂದರೂ ತೆರೆಯದು. ಇಬ್ಬರೂ ಕೈಹಿಡಿದು ಬಂದರೆ ತೆರೆಯುತ್ತದೆ, ಅವರ ಹಿಂದೆ ನೀರೂ ಒಳಗೆ ಹೋಗುತ್ತದೆ. ಎಷ್ಟು ಭೇದಿಯಾಗುತ್ತಿದ್ದರೂ ಆ ಬಾಗಿಲು ಸಾಮಾನ್ಯವಾಗಿ ಕೆಲಸ ಬಿಡುವುದಿಲ್ಲ. ಕಾಯಿಸಿ ಆರಿಸಿದ ನೀರು ಒಂದು ಲೀಟರ್, ಸಕ್ಕರೆ ಆರು ಚಹಾ ಚಮಚ, ಉಪ್ಪು ಅರ್ಧ ಚಮಚ, ಎರಡೂ ಮಟ್ಟಸವಾಗಿ. ಎಲ್ಲರ ಬಾಯಲ್ಲೂ ಮೂರು ಸಲ ಹೇಳಿಸುತ್ತೇನೆ. ಹಳೆಯ ವಿದ್ಯಾರ್ಥಿಗಳೇ, ತುಟಿ ಆಡುತ್ತಿದೆ, ನೋಡುತ್ತಿದ್ದೇನೆ!

ಆ ಜುಲೈಯಲ್ಲಿ ಗುಲಾಫಶಾ ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಹೋಂವರ್ಕ್ ಇಲ್ಲದೆ, ಕೆದರಿದ ತಲೆಯಲ್ಲಿ ಬಂದಳು. ಕಾರಣ ಕೇಳುವ ತಾಳ್ಮೆ ನನಗಿರಲಿಲ್ಲ. ಪೂರ್ತಿ ಒಂದು ಪೀರಿಯಡ್ ಬಾಗಿಲ ಹೊರಗೆ ನಿಲ್ಲಿಸಿದೆ. ಗಂಟೆ ಹೊಡೆದ ಮೇಲೆ ಕೇಳಿದೆ.

ಅವರು ವಾಸವಿದ್ದ ಚಾಳಿನ ಕೊಳಾಯಿಗೆ ಗಟಾರದ ನೀರು ಸೇರಿತ್ತು. ಒಂದು ವರ್ಷದ ತಂಗಿಗೆ ಬೆಳಗಿನಿಂದ ಭೇದಿ. ಅಪ್ಪ, ಅಮ್ಮ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಮಗು ಸೋತು ಕಣ್ಣು ಒಳಗೆ ಹೋಗಿತ್ತು. ದಾದಿ ನೀರಿನ ಮಡಕೆಗೆ ಅಡ್ಡ ಕುಳಿತಿದ್ದರಂತೆ. "ಪಾನಿ ಮತ್ ದೇ ಬೇಟಿ, ಕೊಟ್ಟಷ್ಟೂ ಜುಲಾಬ್ ಹೆಚ್ಚಾಗ್ತದ." ಆ ಅಜ್ಜಿಗೂ ಮೊಮ್ಮಗಳ ಮೇಲೆ ಪ್ರೀತಿಯೇ, ಅನುಮಾನ ಬೇಡ. ಗುಲಾಫಶಾ ಹೇಳಿದಳಂತೆ: "ದಾದಿ, ಉಪ್ಪು ಸಕ್ಕರಿ ಕೂಡೇ ಹೋದ್ರ ಬಾಗಿಲ ತೆರೀತದ. ನಮ್ಮ ಟೀಚರ್ ಹೇಳ್ಯಾರ." ದಾದಿ ಬೈದರು, ಅತ್ತರು. ಇವಳು ಕೇಳಲಿಲ್ಲ. ನೀರು ಕಾಯಿಸಿ, ಆರಿಸಿ, ಚಮಚ ಚಮಚವಾಗಿ ಮಧ್ಯಾಹ್ನವಿಡೀ ಕುಡಿಸಿದಳು. ವಾಂತಿಯಾದರೆ ಸ್ವಲ್ಪ ತಡೆದು ಮತ್ತೆ ಕುಡಿಸಿದಳು. ನಾಲ್ಕಕ್ಕೆ ತಾಯಿ ಬಂದವರೇ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಅಲ್ಲಿಯ ಡಾಕ್ಟರು, "ಇದು ಕುಡಿಸಿದ್ದಕ್ಕೇ ಇಲ್ಲಿಯವರೆಗೆ ಬಂತು" ಎಂದರಂತೆ.

ಇಷ್ಟು ಹೇಳಿ ಅವಳು ನನ್ನನ್ನು ಕೇಳಿದಳು: "ಟೀಚರ್, ಅರ್ಧ ಚಮಚಾನೇ ಹಾಕೀನಿ, ಬರೋಬ್ಬರ್ ಐತಲ್ರಿ?"

ನಾನು ಸ್ಟಾಫ್‌ರೂಮಿಗೆ ಹೋಗಿ ಅತ್ತೆ. ಕಣ್ಣಿಗೆ ಸೀಮೆಸುಣ್ಣದ ಪುಡಿ ಬಿತ್ತು ಎಂದೆ ಎಲ್ಲರಿಗೂ.

ಇಲ್ಲಿಂದ ಮುಂದಿನದು ನಾನು ಬರೆದುಕೊಂಡು ಬಂದ ಚೀಟಿಯಲ್ಲಿ ಇಲ್ಲ. ಮೂರನೆಯ ಸಾಲಿನಲ್ಲಿ ಕುಳಿತ ನಮ್ಮ ಯಜಮಾನರು ವೆಂಕಟಸುಬ್ಬಯ್ಯನವರಿಗೂ ಗೊತ್ತಿಲ್ಲ. ಏನೂಂದ್ರೆ, ನನಗೊಬ್ಬ ತಮ್ಮ ಇದ್ದ, ಚಿಕ್ಕವನಿದ್ದಾಗಲೇ ಹೋದ ಎಂದು ನಿಮಗೆ ಹೇಳಿದ್ದೆ, ಅಷ್ಟೇ ಅಲ್ಲವೇ? ಅವನ ಹೆಸರು ಅರ್ಜುನ. ಎರಡು ವರ್ಷ. ನಮ್ಮ ತಂದೆ ಮಂಡ್ಯದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತರು. ಅವನಿಗೂ ಹೀಗೇ ಆಯಿತು. ನೀರು ಕೊಡಬೇಡ ಎಂದು ಹೇಳಿ ದೊಡ್ಡವರು ನನ್ನನ್ನು ಅವನ ಪಕ್ಕ ಕಾವಲು ಕೂರಿಸಿದರು. ನನಗೆ ಏಳು ವರ್ಷ. ನಾನು ಬಹಳ ವಿಧೇಯ ಮಗು, ಹೇಳಿದ ಮಾತು ಮೀರುತ್ತಿರಲಿಲ್ಲ. ಅವನು "ಅಕ್ಕಾ, ನೀಲು" ಎನ್ನುತ್ತಿದ್ದ. ನೀರು ಎನ್ನಲು ಬರುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಕೇಳುವುದನ್ನೂ ಬಿಟ್ಟ. ಮನೆಯಲ್ಲಿ ಉಪ್ಪಿತ್ತು. ಸಕ್ಕರೆಯಂತೂ ಡಬ್ಬಗಟ್ಟಲೆ ಇತ್ತು.

ಕ್ಷಮಿಸಿ. ಒಂದು ನಿಮಿಷ.

ಯಾರನ್ನೂ ದೂರುತ್ತಿಲ್ಲ. ಅವರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆದರೆ ಗೊತ್ತಾದ ಮೇಲೆ ಎರಡು ಪೀರಿಯಡ್ಡಿನಲ್ಲಿ ಮುಗಿಸಲು ನನ್ನಿಂದ ಆಗಲಿಲ್ಲ. ಬೇರೆ ಪಾಠಗಳನ್ನು ಓಡಿಸಿದ್ದೇನೆ, ನಿಜ. ಬೆಳಕಿನ ವಕ್ರೀಭವನ ನನ್ನ ಮಕ್ಕಳಿಗೆ ಯಾವತ್ತೂ ಸರಿಯಾಗಿ ಬರಲಿಲ್ಲ. ಅದಕ್ಕೆ ಆಡಳಿತ ಮಂಡಳಿ ಈಗಲಾದರೂ ನನ್ನನ್ನು ಮನ್ನಿಸಬೇಕು.

ಗುಲಾಫಶಾಗೆ ಹತ್ತನೆಯ ತರಗತಿಯ ಎಸ್ಸೆಸ್ಸಿ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ಮೂವತ್ತೆಂಟು ಅಂಕ ಬಂತು. ಅವಳು ಡಾಕ್ಟರೂ ಆಗಲಿಲ್ಲ, ನರ್ಸೂ ಆಗಲಿಲ್ಲ. ಕೇಕ್ ಮಾಡುತ್ತಾಳೆ. ಅಲ್ಲಿ ಮೇಜಿನ ಮೇಲಿರುವುದು ಅವಳದೇ ಕೈಯ ಕೇಕ್. ಅವಳು ಹೊರಗೆ ನಿಂತ ಆ ನಲವತ್ತು ನಿಮಿಷಕ್ಕೆ ಇವತ್ತು ಕ್ಷಮೆ ಕೇಳುತ್ತೇನೆ. ಗುಲಾಫಶಾ, ಅರ್ಧ ಚಮಚ ಬರೋಬ್ಬರಿ ಇತ್ತಮ್ಮ.

ಪ್ರಣೀತಾ, ಉತ್ತರ ಸಿಕ್ಕಿತೇ? ಎಂಟು ಮಾಡಿ, ಏಳು ಮಾಡಿ, ಲೋಕಲ್ಲಿನ ಉದಾಹರಣೆ ಬಿಟ್ಟು ಮೆಟ್ರೋದ್ದು ಹೇಳಿ. ಆ ಕೊನೆಯ ಪೀರಿಯಡ್ಡನ್ನು ಮಾತ್ರ ಬಿಡಬೇಡಿ. ಮೂರು ಸಲ ಹೇಳಿಸಿ. ಪ್ರಣೀತಾ ತಲೆಯಾಡಿಸುತ್ತಿದ್ದಾರೆ. ಅಧ್ಯಕ್ಷರೇ, ನೀವೂ ಸಾಕ್ಷಿ.

ಶಬ್ರೀನ, ಅಲ್ಲಿಂದ ಎಷ್ಟು ಹೊತ್ತು ಕೈಸನ್ನೆ ಮಾಡುತ್ತೀಯೇ? ನೀರು ಕುಡಿಯಿರಿ ಅಂತ ತಾನೆ? ಸಭಿಕರೇ, ಗುಲಾಫಶಾ ಚಮಚದಲ್ಲಿ ಕುಡಿಸಿದ ಆ ತಂಗಿ ಇವಳೇ. ಈ ಲೋಟ ಇಟ್ಟವಳೂ ಇವಳೇ. ಕುಡಿಯುತ್ತೇನಮ್ಮ, ಕುಡಿಯುತ್ತೇನೆ.

ತಣ್ಣಗಿದೆ.

ನನ್ನನ್ನು ಇಷ್ಟು ವರ್ಷ ಪೊರೆದ ನಿಮಗೆಲ್ಲ ಋಣಿ. ಇನ್ನು ಕೇಕ್ ಕತ್ತರಿಸಿ, ಹಿಂದಿನ ಸಾಲಿನವರಿಗೆ ಮೊದಲು ಕೊಡಿ. ನಮಸ್ಕಾರ.