ಸಿನಿಮಾ ಕಪಾಟಿನ ವರ

“ಹುಡುಗ ಬ್ಯಾಂಕಿನ್ಯಾಗ ಆಫೀಸರ್ ಇದ್ದಾನ. ಒಂದು ಕಪಾಟು ತುಂಬ ಸಿನಿಮಾ ಡಿಸ್ಕ್ ಕೂಡಿಸ್ಯಾನ, ಅಷ್ಟೇ. ಅದೇನು ಕೆಟ್ಟ ಚಟ ಏನವಾ?”

ನರೋಡಾದ ಬಸ್ ನಿಲ್ದಾಣದಲ್ಲಿ, ಮಗಳೊಂದಿಗೆ ವರನ ಮನೆ ನೋಡಿ ಬಂದಿದ್ದ ಅಪ್ಪ ಕೇಳುತ್ತಿದ್ದರು.

“ಬಜ್ಜಿ ತಿಂದೀಯಲ್ಲ, ಕೈ ತೊಳ್ಕೊಂಡು ಡಿಸ್ಕ್ ಮುಟ್ಟು ಅಂದ, ಅಪ್ಪಾ. ಅದೇನು ದೇವರ ಮನಿನಾ?”

“ಜಪಾನಿಂದು, ಇರಾನಿಂದು ಸಿನಿಮಾ ಅದಾವ ಅಂತಲ್ಲ. ಜ್ವಾಕಿಲೆ ಇಟ್ಟಿರ್ತಾನ.”

“ನಿನಗ್ಯಾವುದು ಇಷ್ಟ ಅಂದ. ಒಂದು ಕಾರ್ಟೂನ್ ಸಿನಿಮಾ ಹೇಳಿದೆ. ನಿನಗ ಅದು ತಿಳಿದಿರಲಿಕ್ಕಿಲ್ಲ ಅಂತ, ನಾ ನೋಡಿದ ಸಿನಿಮಾನೇ ನನಗ ಅರ್ಧ ತಾಸು ಪಾಠ ಮಾಡಿದ!”

“ನಿನ್ನ ಮಾತು ಒಂದೂ ಕೇಳಲಿಲ್ಲೇನು?”

“ಒಂದೂ ಇಲ್ಲ. ಆ ಕಪಾಟಿಗೇ ತಾಳಿ ಕಟ್ಟಲಿ.”

ಅಪ್ಪನ ಫೋನು ಬಡಿದುಕೊಂಡಿತು.

“ಹುಡುಗನ ಅಪ್ಪಂದು,” ಎಂದರು ಪರದೆ ನೋಡಿ.

ಮಗಳು ಅಪ್ಪನ ಮುಖ ನೋಡಿದಳು. ಅವರು ಕರೆ ಎತ್ತದೆ ಕಟ್ ಮಾಡಿ, ಫೋನು ಜೇಬಿಗಿಟ್ಟು, ಬಂದ ಬಸ್ಸಿಗೆ ಅವಳನ್ನೇ ಮೊದಲು ಹತ್ತಿಸಿದರು.