ಸೋತು ತಂದ ರಸ್ತೆ

ಉರ್ವದ ಬಸ್ ಸ್ಟಾಪಿನಲ್ಲಿ ಮೀನಿನ ಖಾಲಿ ಬುಟ್ಟಿ ಇಳಿಸಿ ನಿಂತಿದ್ದ ದಮಯಂತಿಯ ಎದುರಿಗೇ, ಶಟಲ್ ಆಡಲು ಹೊರಟಿದ್ದ ಕಮಲೇಶನ ಸ್ಕೂಟರನ್ನು ನೆರೆಮನೆಯ ಚೆನ್ನಪ್ಪ ಅಡ್ಡಹಾಕಿದರು.

"ಶಾಸಕರು ನಿನ್ನ ದೋಸ್ತಿ ಅಲ್ವಾ? ನಮ್ಮ ಚರಂಡಿ ಕೆಲಸ ಯಾಕೆ ನಿಂತಿತು?"

"ಎಂತ ಮಾಡುದು ಚೆನ್ನಪ್ಪಣ್ಣ, ಸೋಮವಾರ ಆಟದಲ್ಲಿ ನಾನು ಗೆದ್ದುಬಿಟ್ಟೆ."

"ರಸ್ತೆ ಆಗುವಾಗ ದಿನಾ ಅವರಿಗೆ ಸೋಲ್ತಿದ್ದೆಯಲ್ಲ ಮಾರಾಯ!"

"ಮೊನ್ನೆಯೂ ಶಟಲ್ ಗೆರೆಯ ಹೊರಗೆ ಬೀಳಲಿ ಅಂತಲೇ ಹೊಡೆದದ್ದು. ಗಾಳಿಗೆ ಒಳಗೆ ಬಿತ್ತು."

"ಮಳೆಗೆ ಇನ್ನು ಹದಿನೈದು ದಿನ ಉಂಟು. ನೀರು ಮನೆಯೊಳಗೆ ಬಂದರೆ?"

"ಇವತ್ತು ಖಂಡಿತ ಸೋಲ್ತೇನೆ."

"ಅವರಿಗೆ ಗೊತ್ತಾಗದ ಹಾಗೆ ಸೋಲು."

ಸ್ಕೂಟರ್ ಹೋಯಿತು, ಚೆನ್ನಪ್ಪನವರೂ ಹೋದರು. ದಮಯಂತಿ ಬಿಸಿಲಿಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅದೇ ಶಾಸಕರನ್ನು ವೋಟು ಹಾಕಿ ಅವಳೂ ಮೂರು ಸಲ ಗೆಲ್ಲಿಸಿದ್ದಳು. ಬಸ್ ಸ್ಟಾಪಿಗೆ ಮಾತ್ರ ನೆರಳಿಗೆ ಒಂದು ತಗಡಿನ ಮಾಡೂ ಬಂದಿರಲಿಲ್ಲ.